ಓದದೆ ಒತ್ತಿದ ಹೆಬ್ಬೆಟ್ಟು

ಆ ಹೊಲಿಗೆ ಕಾರ್ಖಾನೆಯ ಮೂರನೆಯ ಮಹಡಿಗೆ ಎರಡು ಮೆಟ್ಟಿಲು. ಮುಂದೊಂದು, ಹಿಂದೊಂದು. ಮುಂದಿನದರಲ್ಲಿ ಜನ ಹತ್ತಿ ಇಳಿಯುತ್ತಿದ್ದರು. ಹಿಂದಿನದರ ಬಾಗಿಲಿಗೆ ಎರಡು ವರ್ಷದಿಂದ ಬೀಗ. ಯಾವಾಗಲೋ ಒಮ್ಮೆ ಎರಡು ಕಟ್ಟು ಅಂಗಿ ಆ ದಾರಿಯಲ್ಲಿ ಕಾಣೆಯಾದವಂತೆ, ಅವತ್ತು ಬಿದ್ದ ಬೀಗ. ಬೀಗದ ಕೈ ಸೂಪರ್‌ವೈಸರನ ಸೊಂಟದಲ್ಲಿ. ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಬೀಗದ ಕೈಯೂ ಅವನ ಜೊತೆ ಊಟಕ್ಕೆ ಹೋಗುತ್ತಿತ್ತು. ನೂರೆಂಬತ್ತು ಹೆಂಗಸರು ಆ ಬೀಗವನ್ನು ದಿನಾ ನೋಡುತ್ತಿದ್ದರು. ದಿನಾ ನೋಡಿದ್ದು ಕಣ್ಣಿಗೆ ಕಾಣುವುದಿಲ್ಲ ನೋಡಿ, ಹಾಗಾಗಿ ಯಾರಿಗೂ ಕಂಡಿರಲಿಲ್ಲ.

ಕಾಜಕ್ಕನಿಗೂ ಕಂಡಿರಲಿಲ್ಲ. ಅಂಗಿಯ ಗುಂಡಿ ತೂರುವ ತೂತಿಗೆ ಕಾಜಾ ಅನ್ನುತ್ತಾರಲ್ಲ, ಆ ಕಾಜಾ ಯಂತ್ರದ ಮುಂದೆ ಹದಿನೇಳು ವರ್ಷದಿಂದ ಕೂತಿದ್ದಕ್ಕೆ ಎಲ್ಲರಿಗೂ ಅವಳು ಕಾಜಕ್ಕ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಫೋನಿನಲ್ಲಿ ಅವಳದೊಂದು ಗುಂಪು. ಅದರಲ್ಲಿ ನಲವತ್ತು ಹೆಂಗಸರು. ನಲ್ಲಿಯಲ್ಲಿ ನೀರು ಯಾವಾಗ, ಬಸ್ಸು ಎಷ್ಟು ತಡ, ಯಾರ ಮಗುವಿಗೆ ಜ್ವರ, ಎಲ್ಲವೂ ಅಲ್ಲೇ. ಕಾಜಕ್ಕ ಏನು ಕಳಿಸಿದರೂ ಕೆಳಗೆ ನಲವತ್ತು ಹೆಬ್ಬೆರಳು ಸಾಲಾಗಿ ಎದ್ದು ನಿಲ್ಲುತ್ತಿದ್ದವು. ಅದು ಅವಳ ಹೆಮ್ಮೆ. ನನ್ನನ್ನು ಕೇಳಿದರೆ ಅಪಾಯವೂ ಅಲ್ಲೇ ಇತ್ತು.

ಆ ಊರಿಗೆ ದೊಡ್ಡ ಪತ್ರಿಕೆಗಳೂ ಬರುತ್ತಿದ್ದವು. ಆದರೆ ದೊಡ್ಡ ಪತ್ರಿಕೆಗೆ ಸಣ್ಣ ಬೀದಿಯ ನಲ್ಲಿ ಎಲ್ಲಿ ಕಾಣಬೇಕು? ಅದನ್ನೆಲ್ಲ ನೋಡುತ್ತಿದ್ದದ್ದು ಫೋನಿನಲ್ಲಿ ಬರುವ ‘ಕಿಟಕಿ’ ಎಂಬ ಸುದ್ದಿ ಪುಟ. ಅದನ್ನು ನಡೆಸುತ್ತಿದ್ದವಳು ಒಬ್ಬಳೇ ಒಬ್ಬಳು ವರದಿಗಾರ್ತಿ. ಹಳೆಯ ಸ್ಕೂಟರು, ಹೆಗಲಿಗೊಂದು ಚೀಲ. ಯಾವ ಬೀದಿಗೆ ಕಸದ ಗಾಡಿ ಬಂದಿಲ್ಲ, ಆಸ್ಪತ್ರೆಯಲ್ಲಿ ಇವತ್ತು ಯಾವ ಡಾಕ್ಟರು, ನಗರಸಭೆಯಲ್ಲಿ ಯಾರು ಎದ್ದು ಏನು ಕೇಳಿದರು, ಎಲ್ಲ ವಿಚಾರಿಸಿ ಬರೆಯುತ್ತಿದ್ದಳು. ಊರೆಲ್ಲ ಓದುತ್ತಿತ್ತು. ಬರೆಯುವವಳು ಯಾರು, ಹೇಗೆ ಬರೆಯುತ್ತಾಳೆ ಎಂದು ಮಾತ್ರ ಯಾರೂ ಯೋಚಿಸಿದವರಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಫೋನು ತೆರೆದರೆ ಸುದ್ದಿ ಬರುತ್ತದೆ, ಅಷ್ಟೇ.

ಒಂದು ಮಧ್ಯಾಹ್ನ ಊಟದ ಗಂಟೆಗೆ ಐದು ನಿಮಿಷ ಮೊದಲೇ ಯಂತ್ರಗಳು ನಿಂತವು. ಸೂಪರ್‌ವೈಸರ್ ಮೇಜಿನ ಮೇಲೆ ಕೈಯೂರಿ ನಿಂತ.

“ಎಲ್ಲರೂ ಕೇಳಿ. ಅದ್ಯಾವುದೋ ಕಿಟಕಿ ಅಂತ ಪೇಜು ಇದೆಯಲ್ಲ, ನಮ್ಮ ಕಾರ್ಖಾನೆ ಮೇಲೆ ಇಲ್ಲದ್ದು ಸಲ್ಲದ್ದು ಬರೆದಿದೆ. ಅಂಗಿ ತಗೊಳ್ಳೋ ಕಂಪನಿಯವರ ಕಣ್ಣಿಗೆ ಬಿದ್ರೆ ಆರ್ಡರ್ ಬೇರೆ ಕಡೆ ಹೋಗುತ್ತೆ. ಆಮೇಲೆ ನಿಮ್ಮ ಗತಿ ಏನು? ಈಗಲೇ ಆ ಪೇಜು ತೆರೀರಿ. ಮೇಲೆ ಮೂರು ಚುಕ್ಕಿ ಇದೆ, ಒತ್ತಿ. ‘ದೂರು’ ಒತ್ತಿ. ‘ಸುಳ್ಳು ಸುದ್ದಿ’ ಒತ್ತಿ. ಮುಗೀತು. ಓದ್ತಾ ಕೂರಬೇಡಿ, ಟೈಮ್ ಇಲ್ಲ.”

ಆಮೇಲೆ ಕಾಜಕ್ಕನ ಕಡೆ ತಿರುಗಿ, “ಅಕ್ಕ, ನಿಮ್ಮ ಗುಂಪಿಗೂ ಹಾಕಿಬಿಡಿ. ನಿಮ್ಮ ಮಾತು ಕೇಳ್ತಾರೆ” ಅಂದ.

ಹೊಗಳಿಕೆಗೆ ಯಾರು ತಾನೇ ಕರಗುವುದಿಲ್ಲ? ಕಾಜಕ್ಕ ಪುಟ ತೆರೆದಳು. ಅದರಲ್ಲೊಂದು ಚಿತ್ರವಿತ್ತು. ಚಿತ್ರ ಪೂರ್ತಿ ಮೂಡುವ ಮೊದಲೇ ಅವಳ ಹೆಬ್ಬೆರಳು ಮೂರು ಚುಕ್ಕಿಯ ಮೇಲಿತ್ತು. ಒತ್ತಿದಳು, ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಗುಂಪಿಗೆ ಬರೆದಳು: ‘ನಮ್ಮ ಅನ್ನದ ಪ್ರಶ್ನೆ. ಎಲ್ಲರೂ ತಕ್ಷಣ ಒತ್ತಿ.’ ನಲವತ್ತು ಹೆಬ್ಬೆರಳು ಎದ್ದವು.

ಅವಳ ಮಗಳು ಅದೇ ಮಹಡಿಯ ಇಸ್ತ್ರಿ ವಿಭಾಗದಲ್ಲಿದ್ದಳು. ಸಂಜೆ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

“ಅಮ್ಮಾ, ಅದರಲ್ಲಿ ಏನಿತ್ತು ಅಂತ ಓದಿದ್ಯಾ?”

“ಓದೋದೇನು? ಸಾರ್ ಹೇಳಿದ್ರಲ್ಲ, ಸುಳ್ಳು ಅಂತ.”

“ಸಾರ್ ಹೇಳಿದ್ದೆಲ್ಲ ನಿಜಾನಾ?”

“ನಿನಗೆ ಗೊತ್ತಾಗಲ್ಲ ಬಿಡು. ಊರ ಉಸಾಬರಿ ನಮಗ್ಯಾಕೆ?”

ಮಗಳು ಕಿಟಕಿಯಾಚೆ ನೋಡುತ್ತ ಕೂತಳು. ಮೂರನೆಯ ದಿನ ಆ ಪುಟವೇ ಇಲ್ಲ. ತೆರೆದರೆ ಬಿಳಿ ಪರದೆ, ‘ಈ ಪುಟ ಲಭ್ಯವಿಲ್ಲ’ ಎಂಬ ಒಂದು ಸಾಲು. ಕಾಜಕ್ಕ ಗೆದ್ದವಳಂತೆ ಬೀಗಿದಳು.

ಬೀಗಿದ್ದು ಒಂದು ವಾರ. ಎಂಟನೆಯ ದಿನ ಬೆಳಿಗ್ಗೆ ಗುಂಪಿಗೆ ಎಲ್ಲಿಂದಲೋ ಒಂದು ಸಂದೇಶ ಬಂತು. ಮೇಲಿನ ನೀರಿನ ಟ್ಯಾಂಕಿಗೆ ಯಾರೋ ವಿಷ ಬೆರೆಸಿದ್ದಾರೆ, ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ, ಹತ್ತು ಜನರಿಗೆ ಕಳಿಸಿ. ಬೀದಿಯೇ ಹೊರಗೆ ಬಿತ್ತು. ಡ್ರಮ್ಮು, ಕೊಡ, ಬಕೆಟ್ಟು, ಎಲ್ಲ ಚರಂಡಿಗೆ. ಕಾಜಕ್ಕನ ಗಂಡ ಬಡಗಿ, ಯಾವುದನ್ನೂ ದಂಡ ಮಾಡುವವನಲ್ಲ. ಎರಡು ಡ್ರಮ್ಮು ವಿಷದ ನೀರಿನಲ್ಲಿ ಸೈಕಲ್ಲು ತೊಳೆದು ಆಮೇಲೆ ಚೆಲ್ಲಿದ. ಸಾಬೂನು ಹಚ್ಚಿದ ಗಡ್ಡ ತೊಳೆಯಲು ಮಾತ್ರ ಒಂದು ಚೊಂಬು ನೀರಿಲ್ಲದೆ ಅರ್ಧ ಗಂಟೆ ಹಾಗೇ ನಿಂತಿದ್ದ. ಮುಂದಿನ ನೀರಿಗೆ ಇನ್ನೂ ಮೂರು ದಿನ.

“ಇದು ನಿಜಾನಾ ಅಕ್ಕ? ಕಿಟಕಿಯಲ್ಲಿ ಏನು ಹಾಕಿದ್ದಾರೆ ನೋಡು” ಎಂದು ಪಕ್ಕದ ಮನೆಯವಳು ಕೂಗಿದಳು. ಕಾಜಕ್ಕ ಅಭ್ಯಾಸಬಲದಿಂದ ಫೋನು ತೆರೆದಳು. ಬಿಳಿ ಪರದೆ.

ಆ ಬೀದಿಯ ಕೊನೆಯ ಮನೆಯಲ್ಲಿ ತಪ್ಪಜ್ಜ ಇದ್ದ. ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕುವ ಕೆಲಸ ಮಾಡಿ ನಿವೃತ್ತನಾದವನು. ಮದುವೆ ಕರೆಯೋಲೆ ಕೊಟ್ಟರೂ ಕನ್ನಡಕ ಏರಿಸಿ ತಪ್ಪು ಹುಡುಕುತ್ತಿದ್ದ, ಅದಕ್ಕೇ ಆ ಹೆಸರು. ಕಾಜಕ್ಕ ಅವನ ಬಳಿ ಓಡಿದಳು.

“ಅಜ್ಜ, ನೀರಿಗೆ ವಿಷ ಹಾಕಿದ್ದಾರಂತೆ, ಹೌದಾ?”

“ನಾನು ಬೆಳಿಗ್ಗೆ ಎರಡು ಲೋಟ ಕುಡಿದೆ. ಇನ್ನೂ ಮಾತಾಡ್ತಾ ಇದ್ದೀನಿ.” ಅಜ್ಜ ಕುರ್ಚಿ ತೋರಿಸಿದ. “ಹೋದ ವರ್ಷವೂ ಇದೇ ಪುಕಾರು ಬಂದಿತ್ತು, ನೆನಪಿದೆಯಾ? ಅವತ್ತು ಕಿಟಕಿಯ ಹುಡುಗಿ ನೀರು ಸರಬರಾಜಿನ ಕಚೇರಿಗೆ ಹೋಗಿ, ಎಂಜಿನಿಯರನ್ನ ಕೇಳಿ, ಒಂದು ಗಂಟೆಯೊಳಗೆ ಸುಳ್ಳು ಅಂತ ಹಾಕಿದ್ದಳು. ಯಾರೂ ಒಂದು ಹನಿ ಚೆಲ್ಲಲಿಲ್ಲ. ಈ ಸಲ ಕೇಳೋಕೆ ಅವಳಿಲ್ಲ, ಹಾಕೋಕೆ ಪುಟವಿಲ್ಲ.”

ಕಾಜಕ್ಕ ಸೆರಗಿನ ತುದಿ ಹಿಡಿದುಕೊಂಡಳು. “ಅದು ಸುಳ್ಳು ಬರೆದಿತ್ತಂತೆ ಅಜ್ಜ. ಅದಕ್ಕೇ ಹೋಯ್ತು.”

“ಏನು ಸುಳ್ಳು ಬರೆದಿತ್ತು?”

“ಅದು... ನಮ್ಮ ಕಾರ್ಖಾನೆ ಬಗ್ಗೆ.”

“ಏನಂತ?”

ಅಜ್ಜ ಎದ್ದು ಒಳಗಿನಿಂದ ಒಂದು ಹಾಳೆ ತಂದ. ಮುಖ್ಯವೆನಿಸಿದ ಸುದ್ದಿಯನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಳ್ಳುವುದು ಅವನ ಹಳೆಯ ಚಾಳಿ. ಹಾಳೆಯ ನಡುವೆ ಚಿತ್ರ. ಒಂದು ಬಾಗಿಲು, ಅದಕ್ಕೊಂದು ಬೀಗ, ಬೀಗಕ್ಕೆ ಕಟ್ಟಿದ ಕೆಂಪು ದಾರ. ಬಾಗಿಲ ಪಕ್ಕದಲ್ಲಿ ಹರಿದ ರಟ್ಟಿನ ಡಬ್ಬಿ, ಅದರ ಮೇಲೆ ಮಸಿಯಲ್ಲಿ ‘ಗುಂಡಿ - ದೊಡ್ಡದು’ ಎಂದು ಬರೆದದ್ದು. ಅದು ಕಾಜಕ್ಕನದೇ ಅಕ್ಷರ.

“ಈ ಬಾಗಿಲು ಸುಳ್ಳಾ ತಾಯಿ?” ಅಜ್ಜ ಮೆಲ್ಲಗೆ ಕೇಳಿದ.

ಅವಳು ಕೆಳಗಿನ ಸಾಲುಗಳನ್ನು ಓದಿದಳು. ಬೆಂಕಿ ಬಿದ್ದರೆ ಮೂರನೆಯ ಮಹಡಿಯ ಹೆಂಗಸರಿಗೆ ಒಂದೇ ದಾರಿ, ಇನ್ನೊಂದಕ್ಕೆ ಬೀಗ, ಕೇಳಿದರೆ ಮಾಲೀಕರು ಉತ್ತರ ಕೊಡಲಿಲ್ಲ. ಅಷ್ಟೇ ಇತ್ತು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಅಜ್ಜ, ನಾನೊಬ್ಬಳು ಒತ್ತಿದ್ರೆ ಏನು ಮಹಾ ಆಗುತ್ತೆ ಅಂದ್ಕೊಂಡೆ.”

“ನೂರೆಂಬತ್ತು ಜನವೂ ಹಾಗೇ ಅಂದ್ಕೊಂಡಿದ್ರು. ಆ ಕಡೆ ಕೂತಿರೋದು ಯಂತ್ರ ಕಣಮ್ಮ. ಅದು ಬಾಗಿಲು ನೋಡಲ್ಲ, ಬೀಗ ನೋಡಲ್ಲ. ಎಷ್ಟು ದೂರು ಬಂತು ಅಂತ ಎಣಿಸುತ್ತೆ, ಪುಟ ಮುಚ್ಚುತ್ತೆ. ನಮ್ಮ ತಾತನಿಗೆ ಓದು ಬರ್ತಿರಲಿಲ್ಲ. ಯಾರೋ ಕಾಗದ ತಂದು ಒತ್ತು ಅಂದ್ರು, ಹೆಬ್ಬೆಟ್ಟು ಒತ್ತಿ ಹೊಲ ಕಳ್ಕೊಂಡ. ನಿನಗೆ ಓದು ಬರುತ್ತೆ. ಆದ್ರೂ ಓದದೆ ಒತ್ತಿದೆ.”

ಮಾತು ಚುರುಕ್ ಅಂದಿತು. ಆದರೂ ಕಾಜಕ್ಕ ಸುಮ್ಮನೆ ಸೋಲುವವಳಲ್ಲ. “ಪತ್ರಿಕೆಯವರು ತಪ್ಪೇ ಬರೆಯಲ್ವಾ?”

“ಬರೀತಾರೆ! ಮೂವತ್ತು ವರ್ಷ ನಾನು ಅನ್ನ ತಿಂದಿದ್ದೇ ಅವರ ತಪ್ಪಿನಿಂದ” ಎಂದು ಅಜ್ಜ ನಕ್ಕ. “ತಪ್ಪು ಬರೆದ್ರೆ ಕೇಳು, ತಿದ್ದಿಸು, ‘ತಪ್ಪಾಯ್ತು’ ಅಂತ ಹಾಕಿಸು. ಅದು ನಿನ್ನ ಹಕ್ಕು. ಒಂದು ಕಾಜಾ ಓರೆಯಾದ್ರೆ ಬಿಚ್ಚಿ ಹೊಲೀತೀಯೋ, ಯಂತ್ರಾನೇ ಬಾವಿಗೆ ಹಾಕ್ತೀಯೋ?”

ಆಮೇಲೆ ಅವನು ವರದಿಗಾರ್ತಿಯಿಂದಲೇ ಕೇಳಿದ ಇನ್ನೊಂದು ಸಂಗತಿ ಹೇಳಿದ. ಪುಟ ಮುಚ್ಚಿದ್ದಷ್ಟೇ ಅಲ್ಲ, ವರದಿಗಾರ್ತಿಯ ಮೇಲೆ ಮಾಲೀಕರು ಪೊಲೀಸರಿಗೆ ದೂರನ್ನೂ ಕೊಟ್ಟಿದ್ದರು. ಒಂದು ಇಡೀ ದಿನ ಅವಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಅವಳ ಫೋನು ಇನ್ನೂ ಅಲ್ಲೇ ಇತ್ತು. ಫೋಟೋ ತೆಗೆದದ್ದು ಯಾರು, ಒಳಗಿನವರೇ ಇರಬೇಕು, ಹೆಸರು ಹೇಳು, ದೂರು ವಾಪಸ್ ತಗೊಳ್ಳುತ್ತೇವೆ, ಪುಟವನ್ನೂ ಬಿಡಿಸಿಕೊಡುತ್ತೇವೆ ಎಂದು ಮಾಲೀಕರ ಕಡೆಯವರು ಪೂಸಿ ಹೊಡೆದಿದ್ದರು.

“ಹೇಳಿದಳಾ?”

“ಇಲ್ಲ. ಫೋನಿನಲ್ಲೂ ಏನೂ ಸಿಗಲಿಲ್ಲವಂತೆ. ಫೋಟೋ ಕೈಗೆ ಬಂದ ದಿನವೇ ಕಳಿಸಿದವರ ಗುರುತು ಅಳಿಸಿದ್ದಳು. ಅದು ಈ ಕೆಲಸದ ಮೊದಲ ಪಾಠ. ನಂಬಿ ಸುದ್ದಿ ಕೊಟ್ಟವರ ಹೆಸರು ತಲೆ ಹೋದರೂ ಹೊರಗೆ ಬರಬಾರದು. ಒಂದು ಹೆಸರು ಬಿಟ್ಟುಕೊಟ್ರೆ ನಾಳೆ ಯಾರೂ ಬಾಯಿ ಬಿಡಲ್ಲ.”

“ಯಾರೋ ಒಬ್ಬಳಿಗೋಸ್ಕರ ಇಷ್ಟು ಹಠ ಯಾಕಜ್ಜ? ಪಾಪ, ಅವಳದೇ ಕೆಲಸ ಹೋಯ್ತಲ್ಲ.”

ಅಜ್ಜ ಕನ್ನಡಕ ಒರೆಸಿಕೊಂಡ. “ನಮ್ಮೂರಿನದಷ್ಟೇ ಕಥೆ ಅಂದ್ಕೋಬೇಡ. ಎಷ್ಟೋ ದೇಶಗಳಲ್ಲಿ ಹೀಗೇ ನಡೀತಿದೆ. ಕೆಲವು ಕಡೆ ವರದಿಗಾರರ ಫೋನಿನೊಳಗೆ ಕಳ್ಳ ಕಿವಿ ಕೂರಿಸ್ತಾರೆ. ಕೆಲವು ಕಡೆ ಊರಿಗೆ ಊರಿನ ಇಂಟರ್‌ನೆಟ್ಟೇ ಕತ್ತರಿಸ್ತಾರೆ. ಹೆಂಗಸು ಬರೆದ್ರೆ ಸುದ್ದಿಗೆ ಉತ್ತರ ಕೊಡಲ್ಲ, ಹೊಲಸು ಬೈಗುಳ ಕಳಿಸ್ತಾರೆ. ಮೊದಲು ಪತ್ರಿಕೆ ನಿಲ್ಲಿಸೋಕೆ ಅಚ್ಚಿನ ಮನೆಗೆ ಬಾಗಿಲು ಹಾಕಬೇಕಿತ್ತು. ಈಗ ಆ ಕೆಲಸ ನಮ್ಮ ಕೈಯಲ್ಲೇ ಮಾಡಿಸ್ತಾರೆ.”

ಆ ವಾರದ ರಜೆಯ ದಿನ, ಹತ್ತು ಗಂಟೆಯ ಬಿಸಿಲಿನಲ್ಲಿ, ತಾಯಿ ಮಗಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಕಾಜಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಜ್ಜ ಹೇಳಿದ್ದನ್ನೆಲ್ಲ ಮಗಳ ಮುಂದೆ ಸುರಿದಳು. ಕೊನೆಗೆ, “ಆ ಫೋಟೋ ತೆಗೆದವಳು ಎಷ್ಟು ಪುಣ್ಯ ಮಾಡಿದ್ದಳೋ. ಬರೆದವಳು ಇನ್ನೊಬ್ಬಳಾಗಿದ್ರೆ ಹೆಸರು ಹೇಳಿ ಕೈ ತೊಳ್ಕೊಳ್ತಿದ್ದಳು” ಅಂದಳು.

ಮಗಳ ಕೈಯ ಹಸಿ ಸೀರೆ ಜಾರಿ ಬಿತ್ತು.

“ಅಮ್ಮಾ, ತೆಗೆದವಳು ನಾನೇ.”

ಕಾಜಕ್ಕ ಹಗ್ಗ ಹಿಡಿದು ನಿಂತಳು.

“ಹೋದ ತಿಂಗಳು ಇಸ್ತ್ರಿಯ ವೈರು ಸುಟ್ಟು ಹೊಗೆ ಬಂತಲ್ಲ, ಸಣ್ಣದು ಅಂದ್ರಲ್ಲ ಎಲ್ಲರೂ. ನಾವು ಹದಿನೈದು ಜನ ಹಿಂದಿನ ಬಾಗಿಲಿಗೆ ಓಡಿದ್ವಿ. ಬೀಗ. ಸಾರ್ ಊಟಕ್ಕೆ ಹೋಗಿದ್ರು. ನನ್ನ ಪಕ್ಕದವಳಿಗೆ ಆರು ತಿಂಗಳು, ನೂಕಾಟದಲ್ಲಿ ಬಿದ್ದಳು. ಅವತ್ತು ಹೊಗೆ ಆರಿತು ಅಮ್ಮಾ. ಆರದೇ ಇದ್ದಿದ್ರೆ? ಮಾರನೇ ದಿನ ಸಾರ್‌ಗೆ ಹೇಳಿದೆ, ಕೇಳಲಿಲ್ಲ. ನಿನಗೆ ಹೇಳೋಣ ಅಂದ್ಕೊಂಡೆ. ನೀನು ಗುಂಪಿಗೆ ಹಾಕಿಬಿಡ್ತೀಯ ಅಂತ ಹೇಳಲಿಲ್ಲ.”

ಕಾಜಕ್ಕ ಅಲ್ಲೇ ಬಿಸಿಲಿನಲ್ಲಿ ಕೂತುಬಿಟ್ಟಳು. ತಾನು ಯಾರೋ ಒಬ್ಬಳು ಅಂದವಳು ಹೆತ್ತ ಮಗಳೇ ಆಗಿದ್ದಳು. ಮುಖ ನೋಡದ ಹುಡುಗಿಯೊಬ್ಬಳು ಠಾಣೆಯ ಬೆಂಚಿನ ಮೇಲೆ ಕೂತು ತನ್ನ ಮಗಳನ್ನು ಕಾಪಾಡಿದ್ದಳು. ಅವಳ ಬಾಯಿ ಮುಚ್ಚಲು ತಾನು ನಲವತ್ತು ಜನರನ್ನು ಕೂಡಿಸಿದ್ದಳು. ನಾಚಿಕೆಯಾಯಿತು, ಅಳು ಬಂತು, ಮಗಳ ಮೇಲೆ ಹೆಮ್ಮೆಯೂ ಆಯಿತು. ಮೂರೂ ಒಟ್ಟಿಗೆ ಬಂದಾಗ ಮಾಡುವುದೇನು, ಮಗಳ ಎರಡು ಕೈ ಹಿಡಿದು ಗಟ್ಟಿಯಾಗಿ ಅತ್ತಳು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಫೋನು ತೆಗೆದಳು. ಗುಂಪಿಗೆ ಬರೆಯಲಿಲ್ಲ, ಬಾಯಿಯಲ್ಲೇ ಮಾತಾಡಿ ಕಳಿಸಿದಳು.

“ಅಕ್ಕಂದಿರಾ, ತಂಗಿಯರಾ, ಕಿಟಕಿ ಪುಟದ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಓದದೆ ಒತ್ತಿದೆ, ನಿಮ್ಮ ಕೈಯಲ್ಲೂ ಒತ್ತಿಸಿದೆ. ಅದರಲ್ಲಿ ಬರೆದಿದ್ದು ಹಿಂದಿನ ಬಾಗಿಲಿನ ಬೀಗದ ಬಗ್ಗೆ. ಬೀಗ ಇದೆಯೋ ಇಲ್ಲವೋ ನಿಮಗೇ ಗೊತ್ತು. ಈ ಸಲ ಹೆಬ್ಬೆರಳು ಎತ್ತಬೇಡಿ. ಪೂರ್ತಿ ಕೇಳಿ, ಯೋಚನೆ ಮಾಡಿ, ಆಮೇಲೆ ಮಾತಾಡಿ.”

ಮಗಳ ಸುದ್ದಿ ಎತ್ತಲಿಲ್ಲ. ಜೀವಮಾನದಲ್ಲಿ ಅವಳು ಹೊಟ್ಟೆಯಲ್ಲಿ ಇಟ್ಟುಕೊಂಡ ಮೊದಲ ಮಾತು ಅದು. ಗಂಡನಿಗೂ ಹೇಳಲಿಲ್ಲ.

ಗುಂಪಿನವರು ಪೂರ್ತಿ ಕೇಳಿದರು. ಆಮೇಲೆ ಒಬ್ಬಳು, “ಹೌದಕ್ಕ, ಹೊಗೆ ಬಂದ ದಿನ ನಾನೂ ಓಡಿದ್ದೆ” ಅಂದಳು. ಇನ್ನೊಬ್ಬಳು, “ಕೆಲಸ ಹೋದ್ರೆ?” ಅಂದಳು. ಅದಕ್ಕೆ ಮತ್ತೊಬ್ಬಳು, “ಜೀವ ಹೋದ್ರೆ ಕೆಲಸಕ್ಕೆ ಯಾರು ಹೋಗೋದು?” ಅಂದಳು.

ಸೋಮವಾರ ಸೂಪರ್‌ವೈಸರ್ ಕಾಜಕ್ಕನನ್ನು ಪಕ್ಕಕ್ಕೆ ಕರೆದ. “ಅಕ್ಕ, ಆ ಫೋಟೋ ತೆಗೆದವಳು ಯಾರು ಅಂತ ನೀವೇ ಕಂಡುಹಿಡಿಯಬೇಕು. ನಿಮ್ಮ ಹತ್ರ ಎಲ್ಲ ಹೇಳ್ತಾರೆ.”

ಕಾಜಕ್ಕನಿಗೆ ಮಗಳ ನೆನಪಾಯಿತು. ಆದರೂ ನಾಲಿಗೆ ಕೈ ಕೊಡಲಿಲ್ಲ. “ಬೀಗವೇ ಇಲ್ಲದಿದ್ರೆ ಫೋಟೋದಲ್ಲಿ ಬೀಗ ಹೇಗೆ ಬರ್ತಿತ್ತು ಸಾರ್? ತೆಗೆದವರನ್ನ ಹುಡುಕೋ ಬದಲು ಬೀಗ ತೆಗೀರಿ.”

ಅವನು ಕಣ್ಣು ಕೆಂಪಗೆ ಮಾಡಿಕೊಂಡು ಊಟಕ್ಕೆ ಹೋದ. ಅವನ ಬೈಕಿನ ಸದ್ದು ಮರೆಯಾದದ್ದೇ ತಡ, ಡಬ್ಬಿ ತೆರೆಯುವ ಬದಲು ಹೆಂಗಸರು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನ ಕಡೆ ನಡೆದರು. ಬೀಗದ ಮುಂದೆ ಸಾಲು ನಿಂತಿತು. ಪ್ರತಿಯೊಬ್ಬಳೂ ತನ್ನ ಫೋನಿನಲ್ಲಿ ಒಂದೊಂದು ಚಿತ್ರ ತೆಗೆದಳು. ಕೆಲವು ಮಸುಕು, ಕೆಲವು ವಾರೆ, ಒಂದರಲ್ಲಿ ತೆಗೆದವಳ ಹೆಬ್ಬೆರಳೇ ಅರ್ಧ. ನಲವತ್ತರಿಂದ ಶುರುವಾದದ್ದು ತೊಂಬತ್ತಾರಕ್ಕೆ ಹೋಯಿತು. ಇನ್ನು ತೆಗೆದವರು ಯಾರು ಎಂದು ಹುಡುಕಲಿ ಬಿಡಿ!

ತಪ್ಪಜ್ಜನ ಮನೆಯಲ್ಲಿ ಮುಂದಿನ ಕೆಲಸ ನಡೆಯಿತು. “ಎಲ್ಲರೂ ಒಂದೇ ಪತ್ರ ನಕಲು ಮಾಡಬೇಡಿ, ಯಾರೋ ಬರೆಸಿದ್ದು ಅಂತ ಬದಿಗಿಡ್ತಾರೆ. ನೀವು ಕಂಡಿದ್ದನ್ನ ನಿಮ್ಮ ಮಾತಲ್ಲೇ ಬರೀರಿ” ಎಂದ ಅಜ್ಜ. ಬರೆದರು. ತಪ್ಪು ತಿದ್ದಲು ಹೋದ ಅಜ್ಜನ ಕೈಯನ್ನು ಕಾಜಕ್ಕನೇ ತಡೆದಳು. ಒಂದು ಕಟ್ಟು, ಪುಟವನ್ನು ಮರಳಿ ತೆರೆಯಿರಿ ಎಂದು ವರದಿಗಾರ್ತಿ ಸಲ್ಲಿಸಿದ ಮನವಿಯ ಜೊತೆ ಹೋಯಿತು. ಇನ್ನೊಂದು, ಕಾರ್ಖಾನೆಗಳ ತಪಾಸಣೆ ಮಾಡುವ ಕಚೇರಿಗೆ. ಮತ್ತೊಂದನ್ನು ಪತ್ರಕರ್ತರ ಸಂಘದವರು ವಕೀಲರಿಗೆ ಮುಟ್ಟಿಸಿದರು.

ಎಲ್ಲವೂ ಮಂತ್ರಕ್ಕೆ ಉದುರಿದ ಮಾವಿನಕಾಯಿಯಂತೆ ಆಗಲಿಲ್ಲ. ಎರಡು ವಾರ ಕಾಯಬೇಕಾಯಿತು. ಕಾಜಕ್ಕನನ್ನು ಅವಳ ಯಂತ್ರದಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಕೂರಿಸಿದರು. ಕೂತಳು. ಆಮೇಲೊಂದು ಮಧ್ಯಾಹ್ನ ಊಟದ ಹೊತ್ತಿಗೆ ತಪಾಸಣೆಯ ಅಧಿಕಾರಿ ಹೇಳದೆ ಕೇಳದೆ ಬಂದು ನೇರ ಮೂರನೆಯ ಮಹಡಿಗೆ ಹತ್ತಿದರು. ಬೀಗದ ಕೈ ತರಿಸಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅವರು ಗಡಿಯಾರ ನೋಡುತ್ತಲೇ ನಿಂತಿದ್ದರು. ಅಂದೇ ಬೀಗ ಹೋಯಿತು, ಒಳಗಿನಿಂದ ನೂಕಿದರೆ ತೆರೆಯುವ ಚಿಲಕ ಬಂತು. ಆರ್ಡರ್ ಎಲ್ಲೂ ಹೋಗಲಿಲ್ಲ. ಬಾಗಿಲು ತೆರೆದಿದೆ ಎಂಬ ಕಾಗದವನ್ನು ಅಂಗಿ ತಗೊಳ್ಳುವ ಕಂಪನಿಯವರೇ ಕೇಳಿ ಪಡೆದರು. ಮಾಲೀಕರು ದೂರನ್ನು ಸದ್ದಿಲ್ಲದೆ ಹಿಂದಕ್ಕೆ ತಗೊಂಡರು. ಮರುದಿನ ಕಿಟಕಿ ಪುಟ ತೆರೆಯಿತು. ಮೊದಲ ಸುದ್ದಿ, ಅಂದು ಸಂಜೆ ಐದಕ್ಕೆ ಯಾವ ಬೀದಿಗೆ ನೀರು ಎಂಬುದು.

ಕಾಜಕ್ಕ ವಿಳಾಸ ಹುಡುಕಿಕೊಂಡು ವರದಿಗಾರ್ತಿಯ ಕೋಣೆಗೆ ಹೋದಳು. ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಗೆ ಆನಿಸಿದ ಚಾಪೆ. ತನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೇ.

“ನಾನು ಕಾರ್ಖಾನೆಯವಳು ಕಣಮ್ಮ. ನಿನ್ನ ಪುಟ ಮುಚ್ಚಿಸಿದವರಲ್ಲಿ ನಾನೇ ಮೊದಲನೆಯವಳು. ಕ್ಷಮಿಸಿಬಿಡು.”

“ಬನ್ನಿ ಅಕ್ಕ, ಕೂತ್ಕೊಳ್ಳಿ. ತೆರೆಸಿದವರಲ್ಲೂ ನೀವೇ ಮೊದಲಂತೆ, ಅಜ್ಜ ಹೇಳಿದ್ರು. ಅಲ್ಲಿಗಲ್ಲಿಗೆ ಸರಿಹೋಯ್ತು.”

ಕಾಜಕ್ಕನ ಕಣ್ಣು ತುಂಬಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. “ಅಷ್ಟೇ ಅಲ್ಲ ತಾಯಿ. ಒಂದು ದಿನ ಪೂರ್ತಿ ಕೂರಿಸಿ ಕೇಳಿದ್ರೂ ನೀನು ನನ್ನ ಮಗಳ ಹೆಸರು ಹೇಳಲಿಲ್ಲ. ಈ ಋಣ ಹೇಗೆ ತೀರಿಸಲಿ?”

ವರದಿಗಾರ್ತಿ ಅವಳನ್ನು ನೆಟ್ಟಗೆ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ನಿಮಗೆ ಮಗಳಿದ್ದಾಳಾ ಅಕ್ಕ? ನನಗೆ ಗೊತ್ತೇ ಇಲ್ಲ” ಅಂದಳು. “ಚಹಾ ಕುಡೀತೀರಾ?”

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಇಂಥ ಹುಡುಗಿಯೊಬ್ಬಳು, ಇಂಥ ಹುಡುಗನೊಬ್ಬ ನಿಮ್ಮೂರಲ್ಲೂ ಇರಬಹುದು. ದೂರದ, ನೀವು ಕಾಣದ ಎಷ್ಟೋ ಊರುಗಳಲ್ಲೂ ಇದ್ದಾರೆ. ಮಗಳ ಗುಟ್ಟನ್ನು ಅವಳ ಹೆತ್ತ ತಾಯಿಯ ಮುಂದೆಯೂ ಬಿಡದವರು ಅವರು, ನಿಮ್ಮ ಗುಟ್ಟನ್ನೂ ಕಾಯುತ್ತಾರೆ. ಅವರನ್ನು ಕಾಯುವವರು ಯಾರು? ನಾವೇ. ಯಾರೋ ಒತ್ತು ಅಂದರೆ ಒತ್ತಬೇಡಿ. ಸುದ್ದಿ ತಪ್ಪೆನಿಸಿದರೆ ಬರೆದವರನ್ನೇ ಕೇಳಿ, ತಿದ್ದಿಸಿ. ಎಲ್ಲಿಂದ ಬಂತೆಂದು ತಿಳಿಯದ ಸಂದೇಶವನ್ನು ಮುಂದಕ್ಕೆ ದಾಟಿಸಬೇಡಿ. ಸುದ್ದಿ ಕೊಟ್ಟವರು ಯಾರೆಂದು ಕೆದಕಬೇಡಿ, ಗೊತ್ತಿದ್ದರೂ ಬಾಯಿ ಬಿಡಬೇಡಿ. ನಿಮ್ಮೂರಿನ ಸುದ್ದಿ ಪುಟ ಒಂದು ಬೆಳಿಗ್ಗೆ ಬಿಳಿಯಾಗಿ ಕಂಡರೆ, ಸುದ್ದಿ ಬರೆಯುವವರನ್ನು ಹಿಡಿದು ಕೂರಿಸಿದರೆ, ನಮಗ್ಯಾಕೆ ಅನ್ನದೆ ಹತ್ತು ಜನ ಸೇರಿ ಗಟ್ಟಿಯಾಗಿ ಕೇಳಿ, ಯಾಕೆ ಎಂದು. ನಾಳೆ ನಿಮ್ಮ ಮಗಳು ಹೇಳಬೇಕಾದ ಮಾತಿಗೂ ಕೇಳುವ ಕಿವಿಯೊಂದು ಉಳಿದಿರಬೇಕಲ್ಲ.